ಗುರುವಾರ ಸಂಜೆ ಮನೆಯಲ್ಲೇ: ಕಡಿಮೆ ಖರ್ಚಿನ ನಮ್ಮ ಡೇಟ್ ನೈಟ್

ಮದುವೆಯಾದ ಹೊಸದರಲ್ಲಿ ನಾವೂ ಎಲ್ಲರ ಹಾಗೆ ಹೊರಗೆ ಹೋಗುತ್ತಿದ್ದೆವು. ಹನುಮಂತನಗರದಿಂದ ಇಂದಿರಾನಗರಕ್ಕೋ ಕೋರಮಂಗಲಕ್ಕೋ ಹೋಗಿ, ಊಟ ಮುಗಿಸಿ, ಆಟೋ ಹಿಡಿದು ಮನೆ ಸೇರುವಷ್ಟರಲ್ಲಿ 2,000 ರೂಪಾಯಿ ಖಾಲಿ. ದುಡ್ಡು ಹೋಗಲಿ, ಹೊತ್ತು ಹೋಗುತ್ತಿತ್ತಲ್ಲ, ಅದೇ ಜಾಸ್ತಿ ಬೇಸರ. ಟ್ರಾಫಿಕ್‌ನಲ್ಲೇ ಎರಡು ಗಂಟೆ. ಟೇಬಲ್ ಸಿಗುವ ತನಕ ಬಾಗಿಲಲ್ಲಿ ಕಾಯಬೇಕು. ಒಳಗೆ ಕೂತರೆ ಹಾಡಿನ ಅಬ್ಬರಕ್ಕೆ ಎದುರಿಗಿದ್ದವರ ಮಾತೇ ಕೇಳಿಸದು. ನಾಲ್ಕು ಮಾತಾಡೋಣ ಅಂತ ಹೋದವರು ಮಾತಾಡದೆಯೇ ವಾಪಸ್ ಬರುತ್ತಿದ್ದೆವು. ಆಮೇಲೆ ಇದನ್ನು ಮನೆಯಲ್ಲೇ ಮಾಡೋಣ ಅಂತ ಶುರು ಮಾಡಿದೆವು. ಈಗ ವಾರವಿಡೀ ನಾನು ಕಾಯುವುದು ಆ ಒಂದು ಸಂಜೆಗೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಬೇಕು. ‘ಬಿಡುವಾದಾಗ ನೋಡೋಣ’ ಅಂದರೆ ಬಿಡುವು ಆಗುವುದೇ ಇಲ್ಲ. ನನ್ನ ಗಂಡ ವೈಟ್‌ಫೀಲ್ಡ್‌ನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಮನೆಗೆ ಬರುವಾಗ ಎಂಟಾಗಿರುತ್ತದೆ. ಶನಿವಾರ, ಭಾನುವಾರ ಅಂದರೆ ನೆಂಟರು, ಗೃಹಪ್ರವೇಶ, ರಾಶಿ ಬಟ್ಟೆ. ಶುಕ್ರವಾರ ಗಾಂಧಿಬಜಾರಿನಲ್ಲಿ ಹೂವಿನ ರೇಟು ಏರಿರುತ್ತದೆ. ಹಾಗಾಗಿ ಗುರುವಾರ. ಒಂದು ಮೊಳ ಮಲ್ಲಿಗೆ ತರುವುದು ಅವರ ಪಾಲಿನ ಕೆಲಸ. ಒಟ್ಟು ಖರ್ಚು 200 ರೂಪಾಯಿ ದಾಟಬಾರದು ಅಂತ ಮಾತಾಡಿಕೊಂಡಿದ್ದೇವೆ. ದಾಟಿದ್ದು ತೀರಾ ಕಡಿಮೆ.

ಸೆಂಟ್ ಹಾಕಿದ ಮೇಣದಬತ್ತಿ, ಗುಲಾಬಿ ಎಸಳು, ಹೃದಯದ ಆಕಾರದ ಬಲೂನು, ಇವಕ್ಕೆಲ್ಲ ದುಡ್ಡು ಸುರಿಯಬೇಡಿ ಅಂತ ನಾನು ಖಂಡಿತ ಹೇಳುತ್ತೇನೆ. ಟ್ಯೂಬ್‌ಲೈಟ್ ಆರಿಸಿ, ಸಾಕು. ಮೂಲೆಯಲ್ಲಿ ಒಂದು ಹಳದಿ ಬಲ್ಬು ಇದ್ದರೆ ದಿನಾ ನೋಡುವ ಹಾಲೇ ಬೇರೆ ಥರ ಕಾಣುತ್ತದೆ. ಫೋನುಗಳನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇವೆ. ರಿಂಗ್ ಆಫ್ ಮಾಡುವುದಿಲ್ಲ. ಊರಲ್ಲಿ ವಯಸ್ಸಾದವರು ಇರುವಾಗ ಅದು ಆಗುವ ಮಾತಲ್ಲ. ಆದರೆ ಕೈಗೆ ಸಿಗುವ ಹಾಗೆ ಇರಬಾರದು. ಇನ್ನೊಂದು ಕರಾರು: ಮನೆ ಬಾಡಿಗೆ, ಇಎಂಐ, ಆಫೀಸಿನ ರಾಜಕೀಯ, ಯಾರ ಮದುವೆಗೆ ಎಷ್ಟು ಮುಯ್ಯಿ, ಇವೆಲ್ಲ ಅವತ್ತು ಬೇಡ. ಶುಕ್ರವಾರ ಬೆಳಿಗ್ಗೆಗೂ ಅವು ಅಲ್ಲೇ ಇರುತ್ತವೆ.

ಇದೆಲ್ಲಕ್ಕಿಂತ ದೊಡ್ಡದಾಗಿ ನಾನು ಕಂಡುಕೊಂಡಿದ್ದು ಒಂದಿದೆ. ಇಬ್ಬರ ಕೈಗೂ ಒಂದೇ ಕೆಲಸ ಇರಬೇಕು. ಎದುರುಬದುರು ಕೂತು ‘ಹೇಳು, ಏನು ಸಮಾಚಾರ’ ಅಂದರೆ ಮಾತು ಹೊರಡುವುದಿಲ್ಲ. ಬಾಗಿಲು ತಟ್ಟಿ ಕರೆದ ಹಾಗಾಗುತ್ತದೆ ಅಷ್ಟೇ. ಕೈ ಆಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ.

ಅದಕ್ಕೆ ಅವರೆಕಾಯಿಗಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ. ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಬೀದಿಯ ತುಂಬ ಅವರೆ ಗಾಡಿಗಳು. ಮಾಗಡಿ ಕಡೆಯ ಸೊಗಡಿನ ಅವರೆ ಸಿಕ್ಕರೆ ಬಿಡುವುದಿಲ್ಲ. ಕಾಯಿ ಹಿಡಿದರೆ ಬೆರಳಿಗೆ ಅಂಟಬೇಕು, ಮೂಸಿದರೆ ಗಮ್ ಅನ್ನಬೇಕು. ಹಾಗಿಲ್ಲದಿದ್ದರೆ ಮುಂದಿನ ಗಾಡಿಗೆ ಹೋಗುತ್ತೇನೆ. ಬುಧವಾರ ರಾತ್ರಿ ಕಾಳು ಬಿಡಿಸಿಟ್ಟು, ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೀರಿಗೆ ಹಾಕಿದರೆ ಸಂಜೆಗೆ ಸಿಪ್ಪೆ ಸಡಿಲವಾಗಿರುತ್ತದೆ. ಹಾಲಿನಲ್ಲಿ ಚಾಪೆ ಹಾಸಿ, ನಡುವೆ ಒಂದು ಅಗಲ ಪಾತ್ರೆ ಇಟ್ಟು ಇಬ್ಬರೂ ಹಿತಕಲು ಕೂರುತ್ತೇವೆ. ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒಂದು ತುದಿಯಲ್ಲಿ ಮೆಲ್ಲಗೆ ಒತ್ತಬೇಕು. ಚಿಳಕ್ ಅಂತ ಬೇಳೆ ಆಚೆ ಬರುತ್ತದೆ, ಖಾಲಿ ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಇನ್ನೊಂದು ಕೈ ಅಡ್ಡ ಹಿಡಿಯದಿದ್ದರೆ ಬೇಳೆ ಸೋಫಾ ಕೆಳಗೆ ಹೋಯಿತು ಅಂತಲೇ ಲೆಕ್ಕ. ಸ್ವಲ್ಪ ಹೊತ್ತಿಗೆ ಬೆರಳ ತುದಿ ಸುಕ್ಕಾಗಿ, ಆ ಸೊಗಡು ಉಗುರಿಗೆಲ್ಲ ಹತ್ತಿಕೊಳ್ಳುತ್ತದೆ. ಮಾರನೆಯ ದಿನ ಆಫೀಸಿನಲ್ಲೂ ಕೈಯಲ್ಲಿ ಅದೇ ವಾಸನೆ. ನನಗೆ ಅದು ತುಂಬ ಇಷ್ಟ.

ಹಿತಕುವಾಗ ಮುಖ ನೋಡಿ ಮಾತಾಡಬೇಕಿಲ್ಲ. ಕಣ್ಣು ಕಾಳಿನ ಮೇಲೆ ಇರುತ್ತದೆ. ಹಾಗಾಗಿಯೋ ಏನೋ, ಹೇಳಲು ಕಷ್ಟವಾದ ಮಾತುಗಳು ಆಗಲೇ ಬರುತ್ತವೆ. ಇವರು ಎಂಟನೇ ಕ್ಲಾಸಿನಲ್ಲಿದ್ದಾಗ ಮಾವನವರ ಅಂಗಡಿ ಮುಚ್ಚಿತ್ತು ಅಂತ ಗೊತ್ತಿತ್ತು. ಆ ವರ್ಷ ಸ್ಕೂಲ್ ಬ್ಯಾಗಿನ ಹರಿದ ಜಿಪ್ ಕಾಣದ ಹಾಗೆ ಬ್ಯಾಗನ್ನು ಎದೆಗೆ ಅವಚಿಕೊಂಡು ಓಡಾಡುತ್ತಿದ್ದರು ಅಂತ ನನಗೆ ಹೇಳಿದ್ದು ಅವರೆ ಹಿತಕುತ್ತಾ ಕೂತಾಗ. ಯಾವ ಹೋಟೆಲಿನ ಟೇಬಲ್ಲಿನಲ್ಲೂ ಆ ಮಾತು ಬಂದಿರಲಿಲ್ಲ.

ಅವರೆಬೇಳೆ ಮೇಳಕ್ಕೆ ಹೋದರೆ ಹಿತಕಿದ ಬೇಳೆಯೇ ಸಿಗುತ್ತದೆ, ಕೊಳ್ಳಬಹುದಲ್ವಾ ಅಂತ ನನ್ನ ಗೆಳತಿ ಕೇಳಿದಳು. ಬೆಳಗಿನ ತಿಂಡಿಗೆ ಬೇಕಾದರೆ ಕೊಳ್ಳುತ್ತೇನೆ, ಗುರುವಾರಕ್ಕೆ ಮಾತ್ರ ಬೇಡ. ನಮಗೆ ಬೇಕಿರುವುದು ಆ ಹಿತಕುವ ಹೊತ್ತು.

ಸಾರು ಸುಲಭ. ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಧನಿಯಾ, ಸ್ವಲ್ಪ ಗಸಗಸೆ, ತೆಂಗಿನತುರಿ ರುಬ್ಬಿಕೊಂಡರೆ ಮುಗಿಯಿತು. ಬೇಳೆ ಎಳೆಯದು, ಬೇಗ ಬೇಯುತ್ತದೆ, ಕುಕ್ಕರ್ ಕೂಗಿಸಬೇಡಿ. ಜೋರಾಗಿ ತಿರುಗಿಸಿದರೆ ಮುದ್ದೆಯಾಗುತ್ತದೆ. ಜೊತೆಗೆ ಅಕ್ಕಿ ರೊಟ್ಟಿ. ನಾನು ತಟ್ಟುತ್ತೇನೆ, ಅವರು ಬೇಯಿಸುತ್ತಾರೆ. ಪಾತ್ರೆ ಕೂಡ ಒಟ್ಟಿಗೇ ತೊಳೆಯುತ್ತೇವೆ, ಒಬ್ಬರು ಉಜ್ಜುವುದು, ಒಬ್ಬರು ಒರೆಸುವುದು. ಇದನ್ನು ಬಿಡಬೇಡಿ. ಒಬ್ಬರು ಸಿಂಕಿನ ಮುಂದೆ, ಇನ್ನೊಬ್ಬರು ಸೋಫಾ ಮೇಲೆ ಅಂತಾದರೆ ಅಲ್ಲಿವರೆಗಿನ ಸಂತೋಷವೆಲ್ಲ ಹಾಳು.

ಅವರೆ ಇಲ್ಲದ ಕಾಲದಲ್ಲಿ ಬೇರೆ ಏನೇನೋ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಮಗೆ ನಡೆದು ಹೋಗುವಷ್ಟು ಹತ್ತಿರ. ಹಸಿ ಕಡಲೆಕಾಯಿ ಸೇರುಗಟ್ಟಲೆ ತಂದಿಟ್ಟುಕೊಂಡರೆ ಆ ಗುರುವಾರದ್ದು ಆಯಿತು. ಕುಕ್ಕರಿನಲ್ಲಿ ಉಪ್ಪು ಜಾಸ್ತಿ ಹಾಕಿ ಬೇಯಿಸಿ, ಅದೇ ನೀರಿನಲ್ಲಿ ಅರ್ಧ ಗಂಟೆ ಬಿಡಬೇಕು. ಉಪ್ಪು ಒಳಗೆ ಇಳಿಯುವುದು ಆಗಲೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಮಳೆ ಹಿಡಿದರೆ ಚುರುಮುರಿ: ಕಡ್ಲೆಪುರಿ, ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ, ನಿಂಬೆಹಣ್ಣು, ಮೇಲೆ ಒಂದು ಹಿಡಿ ಕಾಂಗ್ರೆಸ್ ಕಡ್ಲೆಕಾಯಿ. ತಿನ್ನುವ ಮುಂಚೆಯಷ್ಟೇ ಕಲಸಿ, ಇಲ್ಲದಿದ್ದರೆ ಪುರಿ ಮೆತ್ತಗಾಗುತ್ತದೆ.

ಸಿನಿಮಾ ಹಾಕುವುದನ್ನು ನಾವು ಬಿಟ್ಟೆವು. ಯಾವುದು ನೋಡೋದು ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಆಮೇಲೆ ಒಬ್ಬರಿಗೆ ನಿದ್ದೆ. ಅದರ ಬದಲು ಚಿಕ್ಕ ರೇಡಿಯೋದಲ್ಲಿ 102.9ರ ವಿವಿಧ ಭಾರತಿ ಹಾಕಿಡುತ್ತೇವೆ. ಹಾಡು ಆರಿಸುವ ತಲೆನೋವು ಇಲ್ಲ, ಮುಂದಿನದು ಯಾವುದು ಬರುತ್ತೋ ಅನ್ನೋ ಕುತೂಹಲ ಬೇರೆ.

ಬಾಡಿಗೆ ಮನೆಯಲ್ಲಿ ತಾರಸಿ ಸಿಕ್ಕರೆ ಅದೃಷ್ಟ. ನಮ್ಮ ಓನರ್ ಆಂಟಿ ಹತ್ತು ಗಂಟೆ ತನಕ ತಾರಸಿ ಬೀಗ ಹಾಕುವುದಿಲ್ಲ. ಫ್ಲಾಸ್ಕಿನಲ್ಲಿ ಕಾಫಿ, ಹಳೆ ಜಮಖಾನ, ಒಂದು ಶಾಲು. ಬೆಂಗಳೂರಿನ ಬೆಳಕಿನಲ್ಲಿ ನಕ್ಷತ್ರ ಎಲ್ಲಿ ಕಾಣುತ್ತೆ ಅಂತ ಅಂದುಕೊಳ್ಳಬೇಡಿ. ಫೆಬ್ರವರಿಯಲ್ಲಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತು ನೋಡಿ. ಮೇಲೆ ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ, ಅದು ಮಹಾವ್ಯಾಧ ಅನ್ನೋ ನಕ್ಷತ್ರಪುಂಜದ (ಓರಿಯನ್) ಸೊಂಟದ ಪಟ್ಟಿ. ಅದೇ ಗೆರೆಯಲ್ಲಿ ಎಡಕ್ಕೆ ಬಂದರೆ ಇಡೀ ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ, ಲುಬ್ಧಕ. ಅಲ್ಲಿಂದ ಕೆಳಗೆ, ದಕ್ಷಿಣದ ಕಟ್ಟಡಗಳ ಮೇಲುಗಡೆ ಅಗಸ್ತ್ಯ, ಹೊಳಪಿನಲ್ಲಿ ಎರಡನೆಯದು. ಬರಿಗಣ್ಣು ಸಾಕು.

ಮನೆಯಲ್ಲಿ ಅತ್ತೆ ಮಾವ ಇದ್ದರೆ ಇದೆಲ್ಲ ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ನಮ್ಮದು ಒಂದೇ ಬೆಡ್‌ರೂಮಿನ ಮನೆ, ಬೇಸಿಗೆಯಲ್ಲಿ ಅತ್ತೆ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಆಗ ತಾರಸಿ ನಮ್ಮಿಬ್ಬರಿಗೆ, ಅದಕ್ಕೆ ಮುಂಚಿನ ಒಂದು ಗಂಟೆ ಮೂವರಿಗೂ. ಚೌಕಾಬಾರ ಕಲಿಸಿದ್ದೇ ಅವರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದಕ್ಕೆ ಐದು, 25 ಮನೆ ಬರೆಯುವುದು. ನಾಲ್ಕು ಅಂಚಿನ ನಡುಮನೆಗೆ, ಮಧ್ಯದ ಮನೆಗೆ ಅಡ್ಡಗೀಟು. ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಒಡೆದ ಬಳೆ ಚೂರಾದರೂ ನಡೆಯುತ್ತದೆ. ನಾಲ್ಕು ಕವಡೆ ಹಾಕಿ, ಅಂಗಾತ ಬಿದ್ದಷ್ಟು ಮನೆ ನಡೆಸಬೇಕು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹಣ್ಣಾಗುವುದಕ್ಕೆ, ಅಂದರೆ ಮಧ್ಯದ ಮನೆ ಸೇರುವುದಕ್ಕೆ, ಒಂದೇ ಮನೆ ಉಳಿದಿರುವಾಗ ಕಡಿಸಿಕೊಂಡರೆ ಎಂಥ ಸಂಕಟ ಗೊತ್ತಾ! ನನ್ನ ಗಂಡ ನನ್ನ ಮೇಲೆ ಕರುಣೆ ತೋರಿಸುವುದಿಲ್ಲ, ನಾನೂ ಅಷ್ಟೇ.

ಮೊದಲ ಸಲ ಮಾಡುವವರು ಈ ಆಟದಿಂದಲೇ ಶುರು ಮಾಡಿ, ಅಡುಗೆಯ ಗೋಜು ಆ ದಿನ ಬೇಡ. ಕವಡೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತೆಗೆದುಕೊಂಡು ಒಂದು ಮೈಯನ್ನು ಒರಟು ಕಲ್ಲಿಗೆ ಬಿಳಿಯಾಗುವ ತನಕ ಉಜ್ಜಿ. ಬಿಳಿ ಮೇಲೆ ಬಿದ್ದರೆ ಅಂಗಾತ ಅಂತ ಲೆಕ್ಕ. ತಲಾ ಎರಡು ಬೀಜ ಹಂಚಿಕೊಂಡು ಉಜ್ಜುವಷ್ಟರಲ್ಲೇ ಮಾತು ಶುರುವಾಗಿರುತ್ತದೆ.