ಮ್ಯಾಟ್ರಿಕ್ಸ್ ನೋಡುವಾಗ ಎಲ್ಲಿ ನಿಲ್ಲಿಸಬೇಕು?

ವಿಜಯಪುರದ ನಮ್ಮ ಮನೆಯಲ್ಲಿ ಭಾನುವಾರ ಐದಾರು ಪಿಯುಸಿ ಮಕ್ಕಳು ಸೇರುತ್ತಾರೆ. ಮ್ಯಾಟ್ರಿಕ್ಸ್ ಎಂಬ ಹಾಲಿವುಡ್ ಸಿನಿಮಾ ಸರಣಿ ಹಾಕಿಕೊಂಡು ತತ್ವಶಾಸ್ತ್ರ ಮಾತಾಡುತ್ತೇವೆ. ಅದರಲ್ಲಿ ಯಂತ್ರಗಳು ಮನುಷ್ಯರನ್ನು ಮಲಗಿಸಿ, ಅವರ ತಲೆಯೊಳಗೆ ಒಂದು ಸುಳ್ಳು ಲೋಕವನ್ನು ತೋರಿಸುತ್ತಿರುತ್ತವೆ. ನೀವೂ ಮಾಡಬಹುದು. ಟಿವಿ, ರಿಮೋಟ್, ಒಂದು ನೋಟ್‌ಬುಕ್ ಇದ್ದರೆ ಸಾಕು.

ಸರಣಿಯಲ್ಲಿ ನಾಲ್ಕು ಚಿತ್ರಗಳಿವೆ. 1999ರಲ್ಲಿ ಒಂದು, 2003ರಲ್ಲಿ ಎರಡು, 2021ರಲ್ಲಿ ಒಂದು. ಮೊದಲನೆಯದರಲ್ಲೇ ಒಂದು ತಿಂಗಳು ಕಳೆಯಿರಿ. ಒಂದು ಸಲ ಸುಮ್ನೆ ಪೂರ್ತಿ ನೋಡಲಿ, ಹೊಡೆದಾಟ ನೋಡಿ ಖುಷಿಪಡಲಿ. ಎರಡನೇ ಸಲ ರಿಮೋಟ್ ನಿಮ್ಮ ಕೈಯಲ್ಲಿರಲಿ.

ನಡುವೆ ಒಂದು ಬೆಳಿಗ್ಗೆ, ಗದ್ದಲ ಶುರುವಾಗುವ ಮೊದಲು, ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿ. ಮೇಲಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಲಿ. ಎದುರು ಬದಿಯವರು ಕಣ್ಣು ಮುಚ್ಚಿ ಕೇಳಲಿ. ಕಿವಿ 'ಪಕ್ಕದಲ್ಲೇ ಇದ್ದಾರೆ' ಅನ್ನುತ್ತದೆ, ಕಣ್ಣು ಬಿಟ್ಟರೆ ಅಷ್ಟು ದೂರ! ಯಾವುದನ್ನು ನಂಬಬೇಕು? ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ 1641ರಲ್ಲಿ ಇದನ್ನೇ ಕೇಳಿದ. ಆಗ ನಮ್ಮೂರನ್ನು ಆಳುತ್ತಿದ್ದವನು ಈ ಗುಮ್ಮಟದ ಕೆಳಗೆ ಮಲಗಿರುವ ಮಹಮ್ಮದ್ ಆದಿಲ್ ಶಾ. ಯಾವುದೋ ಪಿಶಾಚಿ ನನ್ನನ್ನು ಸದಾ ಮೋಸಗೊಳಿಸುತ್ತಿದ್ದರೆ ಹೇಗೆ ಎಂದು ಡೆಕಾರ್ಟ್ ಯೋಚಿಸಿದ. ಸಿನಿಮಾದಲ್ಲಿ ಆ ಜಾಗದಲ್ಲಿ ಯಂತ್ರಗಳಿವೆ, ಅಷ್ಟೇ.

ನಿಜ ತೋರಿಸುವ ಕೆಂಪು ಮಾತ್ರೆ, ಸುಳ್ಳು ಲೋಕದಲ್ಲೇ ಉಳಿಸುವ ನೀಲಿ ಮಾತ್ರೆ ಎಲ್ಲರಿಗೂ ಗೊತ್ತು, ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ. ಭವಿಷ್ಯ ಹೇಳುವ ಆರಾಕಲ್ ಎಂಬವಳ ಅಡುಗೆಮನೆಯಲ್ಲಿ ನಾಯಕ ನಿಯೋ ತಿರುಗಿ ಹೂದಾನಿ ಒಡೆಯುವಲ್ಲಿ ನಿಲ್ಲಿಸಿ. ಹೂದಾನಿಯ ಬಗ್ಗೆ ಚಿಂತೆ ಬೇಡ ಎಂದು ಅವಳು ಮೊದಲೇ ಹೇಳದಿದ್ದರೆ ನಿಯೋ ತಿರುಗುತ್ತಿದ್ದನಾ? ಹಣೆಬರಹದ ಮಾತು ತಾನಾಗಿಯೇ ಬರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಿಯೋನ ತಂಡದವನೇ ಆದ ಸೈಫರ್ ಆ ಸುಳ್ಳು ಲೋಕದಲ್ಲಿ ಮಾಂಸ ತಿನ್ನುವ ದೃಶ್ಯ. ಅದು ನಿಜವಲ್ಲ ಎಂದು ಅವನಿಗೆ ಗೊತ್ತು. ಆದರೂ ರುಚಿಗಾಗಿ ಗೆಳೆಯರನ್ನು ಹಿಡಿದುಕೊಡಲು ಒಪ್ಪುತ್ತಾನೆ. ಇಲ್ಲಿ ಮಕ್ಕಳು ತಟ್ಟನೆ 'ಎಲ್ಲಾ ಮಾಯೆ' ಅನ್ನುತ್ತಾರೆ. ಅಷ್ಟಕ್ಕೇ ಬಿಡಬೇಡಿ. ಹೊನ್ನು, ಹೆಣ್ಣು, ಮಣ್ಣು ಮಾಯೆಯಲ್ಲ, ಮನಸ್ಸಿನ ಮುಂದಿರುವ ಆಸೆಯೇ ಮಾಯೆ ಎಂದವನು ಅಲ್ಲಮ. ಹಾಗಾದರೆ ಸೈಫರನನ್ನು ಕಟ್ಟಿಹಾಕಿದ್ದು ಯಂತ್ರವೋ, ಅವನ ಆಸೆಯೋ?

ನಾನು ಅಲ್ಲೇ ಟಿವಿ ನಿಲ್ಲಿಸಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಟ್ಟೆಗೆ ಹಾಕಿ ಎಲ್ಲರ ಮುಂದಿಟ್ಟೆ. ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು. ಇದೇ ರುಚಿಯನ್ನು ಯಂತ್ರ ಕೊಟ್ಟರೆ ಸಾಕಾ ಎಂದು ಕೇಳಿದೆ. ಒಬ್ಬಳು ರೊಟ್ಟಿಯ ಮೇಲೆ ಮೂಡಿದ್ದ ಬೆರಳಿನ ಗುರುತನ್ನೇ ನೋಡುತ್ತಾ, "ರುಚಿ ಅದ ಇರ್ಲಿರಿ ಸರ. ಆದ್ರ ಆ ರೊಟ್ಟಿ ಯಾರೂ ಬಡದಿಲ್ಲಲ್ರಿ?" ಅಂದಳು.

ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಬೇಕಾದ ಅನುಭವ ಕೊಡುವ ಯಂತ್ರವನ್ನು ಕಲ್ಪಿಸಿಕೊಂಡು ಹತ್ತಿರ ಹತ್ತಿರ ಇದನ್ನೇ ವಾದಿಸಿದ್ದ. ಅನುಭವ ಒಂದೇ ನಮಗೆ ಸಾಲದು ಎಂದ. ಅವನ ಹೆಸರನ್ನು ಮಕ್ಕಳು ಮಾತಾಡಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತಾರೆ.

ಹೇಳಿದ ಮೇಲೂ ಒಬ್ಬ ಹುಡುಗ ಒಪ್ಪಲಿಲ್ಲ. "ನಮ್ಮವ್ವ ದಿನಾ ಐದಕ್ಕ ಎದ್ದು ಒಲಿ ಮುಂದ ಕುಂದರ್ತಾಳ್ರಿ. ಮಷಿನ್ ಕೊಟ್ರ ನಾ ಇಸ್ಕೋತೀನಿ. ಆಕಿ ಮಲಗ್ಲಿ."

ಅವತ್ತು ಸಿನಿಮಾ ಮುಂದುವರಿಸಲಿಲ್ಲ. ಎರಡೂ ಮಾತನ್ನು ನೋಟ್‌ಬುಕ್ಕಿನಲ್ಲಿ ಎದುರುಬದುರು ಪುಟದಲ್ಲಿ ಬರೆಸಿದೆ. ಮುಂದಿನ ಭಾನುವಾರ ಅಲ್ಲಿಂದಲೇ ಶುರು.