ಹೊಂಗೆ ಎಣ್ಣೆ, ಮೆಥನಾಲ್ ಮತ್ತು ಖರ್ಚಾಗುವ ಕ್ಯಾಟಲಿಸ್ಟ್

ಕೊರಟಗೆರೆ ಕಡೆ ನಮ್ಮ ಹೊಲದ ಬದುವಿನಲ್ಲಿ ಹೊಂಗೆ ಮರಗಳಿವೆ. ಕಾಯಿ ಬಡಿದು, ಬೀಜ ಬಿಡಿಸಿ, ಗಾಣಕ್ಕೆ ಹಾಕಿಸಿ ತಂದ ಎಣ್ಣೆಯಲ್ಲಿ ನಾನು ಬಯೋಡೀಸೆಲ್ ಮಾಡುತ್ತೇನೆ. ಜಾಸ್ತಿ ಏನಲ್ಲ, ಡೀಸೆಲ್ ಜೊತೆ ಬೆರೆಸಿ ನಮ್ಮ ಟಿಲ್ಲರ್ ಓಡಿಸುವಷ್ಟು. ಹಿಂಡಿ ತೋಟಕ್ಕೆ ಹೋಗುತ್ತದೆ. ಮಾಡುವ ವಿಧಾನ ಕೇಳಿದವರಿಗೆಲ್ಲ ಸಿಗುತ್ತದೆ, ಆದರೆ ಯಾವುದನ್ನು ಯಾಕೆ ಹಾಕುತ್ತೇವೆ ಅಂತ ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಎಣ್ಣೆಯ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್‌ಗೆ ಅಂಟಿಕೊಂಡಿರುತ್ತವೆ. ಮೆಥನಾಲ್ ಅನ್ನುವ ಆಲ್ಕೋಹಾಲಿನ ಮೂರು ಅಣುಗಳು ಬಂದು ಆ ಮೂರನ್ನೂ ಬಿಡಿಸಿಕೊಂಡು ಹೋದರೆ ಬಯೋಡೀಸೆಲ್. ಉಳಿದದ್ದು ಗ್ಲಿಸರಿನ್. ಆದರೆ ಬರೀ ಎಣ್ಣೆಗೆ ಮೆಥನಾಲ್ ಸುರಿದು ದಿನವಿಡೀ ಕಲಕಿದರೂ ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ಅಣುಗಳು ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಹಳೆಯ ಬಂಧ ಮುರಿದು ಹೊಸದು ಕೂಡುವಷ್ಟು ಜೋರಾದ ಡಿಕ್ಕಿ ಮಾತ್ರ ತೀರಾ ಅಪರೂಪ. ಕನಿಷ್ಠ ಎಷ್ಟು ಜೋರು ಬೇಕೋ ಅದೇ ಆಕ್ಟಿವೇಶನ್ ಎನರ್ಜಿ, ಮುಂದೆ ಇದನ್ನೇ ತಡೆ ಅನ್ನುತ್ತೇನೆ. ಬೆಟ್ಟ ಹತ್ತಿ ಇಳಿಯುವ ಚಿತ್ರ ಎಲ್ಲ ಪುಸ್ತಕದಲ್ಲೂ ಇದೆ, ಅದನ್ನು ಬಿಡಿ.

ಹಾಗಾದರೆ ಕಾಯಿಸಿದರೆ ಸಾಕಲ್ವಾ? ಸಾಲದು. ಲೆಕ್ಕ ಹಾಕಿ ನೋಡಿ. 1889ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಕೊಟ್ಟ ಸಮೀಕರಣದ ಪ್ರಕಾರ, ತಡೆ ಮೋಲ್‌ಗೆ 50 ಕಿಲೋಜೌಲ್ ಇರುವ ಕ್ರಿಯೆಯನ್ನು 30 ಡಿಗ್ರಿಯಿಂದ 60ಕ್ಕೆ ಏರಿಸಿದರೆ ವೇಗ ಸುಮಾರು 6 ಪಟ್ಟು ಆಗುತ್ತದೆ. ಅದೇ 60 ಡಿಗ್ರಿಯಲ್ಲೇ ಇದ್ದುಕೊಂಡು ತಡೆಯನ್ನು ಬರೀ 20 ಕಿಲೋಜೌಲ್ ತಗ್ಗಿಸಿದರೆ? ಸಾವಿರ ಪಟ್ಟಿಗೂ ಜಾಸ್ತಿ! ಹೀಗೆ ಕಡಿಮೆ ತಡೆಯ ದಾರಿ ಮಾಡಿಕೊಟ್ಟು ವೇಗ ಹೆಚ್ಚಿಸುವ ವಸ್ತುವೇ ಕ್ಯಾಟಲಿಸ್ಟ್. ಮೇಲಾಗಿ ಮೆಥನಾಲ್ 64.7 ಡಿಗ್ರಿಗೇ ಕುದಿಯುತ್ತದೆ, ನಮ್ಮ ಎತ್ತರದ ಊರಿನಲ್ಲಿ ಇನ್ನೂ ಸ್ವಲ್ಪ ಮೊದಲೇ. ಹಾಗಾಗಿ ನಾನು 55ರಿಂದ 60ರ ಒಳಗೇ ಇಡುತ್ತೇನೆ. ಕ್ಯಾಟಲಿಸ್ಟ್ ಇಲ್ಲದೆ ಮಾಡುವ ದಾರಿಯೂ ಇದೆ. ಮೆಥನಾಲನ್ನು 239 ಡಿಗ್ರಿಯ ಮೇಲೆ, ವಾತಾವರಣದ 80 ಪಟ್ಟು ಒತ್ತಡದಲ್ಲಿ ಹಿಡಿದಿಡಬೇಕು. ನನ್ನ ಡ್ರಮ್‌ನಲ್ಲಿ ಅದನ್ನು ಮಾಡಲು ಹೋದರೆ ಡ್ರಮ್ ಮಧುಗಿರಿಯಲ್ಲಿ ಸಿಗುತ್ತದೆ.

ನಾನು ಹಾಕುವ ಕ್ಯಾಟಲಿಸ್ಟ್ ಕಾಸ್ಟಿಕ್ ಪೊಟ್ಯಾಶ್, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗೊಬ್ಬರದ ಪೊಟ್ಯಾಶ್ ಅಲ್ಲ. ಮೆಥನಾಲ್‌ನಲ್ಲಿ ಕರಗಿದಾಗ ಅದರಿಂದ ಮೆಥಾಕ್ಸೈಡ್ ಹುಟ್ಟುತ್ತದೆ. ನಿಜವಾದ ಕೆಲಸಗಾರ ಅದೇ. ಮೆಥನಾಲ್‌ಗಿಂತ ಎಷ್ಟೋ ಸುಲಭವಾಗಿ ಎಣ್ಣೆಯ ಅಣುವಿಗೆ ಅಂಟಿಕೊಂಡು ಕೊಬ್ಬಿನಾಮ್ಲವನ್ನು ಬಿಡಿಸುತ್ತದೆ, ಕೊನೆಗೆ ಮತ್ತೊಂದು ಮೆಥನಾಲ್‌ನಿಂದ ಹೊಸ ಮೆಥಾಕ್ಸೈಡ್ ಎದ್ದು ಬರುತ್ತದೆ. ದಾರಿಯೇ ಬೇರೆ, ಅದಕ್ಕೇ ತಡೆ ಕಡಿಮೆ. ಈ ಕರಗಿಸುವ ಕೆಲಸ ಮಾತ್ರ ಬಯಲಲ್ಲೇ ಮಾಡಿ, ಬೆಂಕಿ ಹತ್ತಿರ ಇರಬಾರದು, ಕನ್ನಡಕ, ಗ್ಲೌಸ್ ಇರಲಿ. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ನಮ್ಮಕ್ಕನ ಮಗ ಪಿಯುಸಿ ಸೈನ್ಸ್. ಒಂದು ದಿನ ಡ್ರಮ್ ಪಕ್ಕ ನಿಂತು ಕೇಳಿದ, "ಅಲ್ಲ ಮಾವ, ಕ್ಯಾಟಲಿಸ್ಟ್ ಖರ್ಚಾಗಲ್ಲ ಅಂತ ಮೇಷ್ಟ್ರು ಹೇಳ್ತಾರೆ. ನೀನು ಪ್ರತಿ ಸಲ ಹೊಸದಾಗಿ ತೂಗಿ ಹಾಕ್ತೀಯಲ್ಲ?"

ಒಳ್ಳೆ ಪ್ರಶ್ನೆ. ಮೇಷ್ಟ್ರು ಹೇಳಿದ್ದು ಸರಿ, ಆದರೆ ಅದು ಆ ಒಂದು ಕ್ರಿಯೆಯ ಮಟ್ಟಿಗೆ. ಡ್ರಮ್‌ನಲ್ಲಿ ಅದೊಂದೇ ನಡೆಯುವುದಿಲ್ಲ. ಹೊಂಗೆ ಎಣ್ಣೆ, ಅದರಲ್ಲೂ ಹಳೆಯ ಬೀಜದ್ದು, ಬಿಡಿ ಆಮ್ಲ, ಅಂದರೆ ಗ್ಲಿಸರಿನ್‌ಗೆ ಅಂಟಿಕೊಂಡಿರದ ಕೊಬ್ಬಿನಾಮ್ಲ, ತುಂಬಿಕೊಂಡು ಬರುತ್ತದೆ. ಪೊಟ್ಯಾಶ್ ಮೊದಲು ಅದನ್ನು ಹಿಡಿದು ಸೋಪು ಮಾಡಿಬಿಡುತ್ತದೆ. ಲೀಟರ್ ಎಣ್ಣೆಗೆ ನನ್ನ ಲೆಕ್ಕ ಸುಮಾರು 9 ಗ್ರಾಂ. ಎಣ್ಣೆಯಲ್ಲಿ ಶೇ. 5ರಷ್ಟು ಬಿಡಿ ಆಮ್ಲ ಇದ್ದರೆ ಆ 9 ಗ್ರಾಂ ಪೂರ್ತಿ ಅದಕ್ಕೇ ಹೋಯಿತು, ಕ್ಯಾಟಲಿಸ್ಟ್ ಕೆಲಸಕ್ಕೆ ಸೊನ್ನೆ!

ಅದಕ್ಕೆ ಮೊದಲು ಟೈಟ್ರೇಶನ್, ಅಂದರೆ ಬಿಡಿ ಆಮ್ಲ ಎಷ್ಟಿದೆ ಅಂತ ಅಳೆಯುವುದು. ಎಣ್ಣೆಯನ್ನು ಕಾಯಿಸಿ ನೀರಿನಂಶ ಓಡಿಸಿ, ಆರಿದ ಮೇಲೆ 1 ಮಿಲಿ ತೆಗೆದು 10 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಹಾಕುತ್ತೇನೆ, ಜೊತೆಗೆ ಕ್ಷಾರ ಸಿಕ್ಕರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಎರಡು ಹನಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ 1 ಗ್ರಾಂ ಪೊಟ್ಯಾಶ್ ಕರಗಿಸಿದ ನೀರನ್ನು ಸಿರಿಂಜಿನಲ್ಲಿ ಹನಿ ಹನಿಯಾಗಿ ಬಿಡುವುದು. ಬಿದ್ದ ಕಡೆ ಗುಲಾಬಿ ಬಣ್ಣ ಬರುತ್ತದೆ, ಅಲುಗಾಡಿಸಿದರೆ ಮಾಯ. ಹೊಂಗೆ ಎಣ್ಣೆಯೇ ಕಂದು ಬಣ್ಣ, ಅಡಿಗೆ ಬಿಳಿ ಹಾಳೆ ಇಡದಿದ್ದರೆ ಗೊತ್ತೇ ಆಗುವುದಿಲ್ಲ. ಅಲುಗಾಡಿಸಿದ ಮೇಲೂ ಬಣ್ಣ ಸ್ವಲ್ಪ ಹೊತ್ತು ನಿಂತರೆ ನಿಲ್ಲಿಸಿ. ಎಷ್ಟು ಮಿಲಿ ಹೋಯಿತೋ, ಲೀಟರ್ ಎಣ್ಣೆಗೆ ಅಷ್ಟು ಗ್ರಾಂ ಪೊಟ್ಯಾಶ್ ಹೆಚ್ಚಿಗೆ ಬೇಕು.

ಅಂಕಿ ಜಾಸ್ತಿ ಬಂದರೆ ಪೊಟ್ಯಾಶ್ ಸುರಿಯುತ್ತಾ ಹೋಗಬೇಡಿ, ಸೋಪಿನ ಗಂಜಿ ಆಗುತ್ತದೆ. ಆಗ ಸಲ್ಫ್ಯೂರಿಕ್ ಆಸಿಡ್ಡನ್ನೇ ಮೊದಲ ಕ್ಯಾಟಲಿಸ್ಟ್ ಮಾಡಿಕೊಳ್ಳಬೇಕು. ಅದು ಬಿಡಿ ಆಮ್ಲವನ್ನೇ ಮೆಥನಾಲ್ ಜೊತೆ ಕೂಡಿಸಿ ಬಯೋಡೀಸೆಲ್ ಮಾಡುತ್ತದೆ. ಹುಟ್ಟುವ ನೀರನ್ನು ತೆಗೆದು, ಮತ್ತೆ ಟೈಟ್ರೇಶನ್ ಮಾಡಿ, ಆಮೇಲೆ ಪೊಟ್ಯಾಶ್. ಎಲ್ಲವನ್ನೂ ಆಸಿಡ್‌ನಲ್ಲೇ ಮುಗಿಸಬಾರದಾ ಅಂದರೆ, ಎಣ್ಣೆಯ ವಿಷಯದಲ್ಲಿ ಅದು ಪೊಟ್ಯಾಶ್‌ಗಿಂತ ಸಾವಿರಾರು ಪಟ್ಟು ನಿಧಾನ.

ಇನ್ನೊಂದು ಮಾತು. ಕ್ಯಾಟಲಿಸ್ಟ್ ಜಾಸ್ತಿ ಹಾಕಿದರೆ ಬಯೋಡೀಸೆಲ್ ಜಾಸ್ತಿ ಬರುತ್ತದೆ ಅಂತ ಹಲವರು ನಂಬಿದ್ದಾರೆ. ಇಲ್ಲ. ಈ ಕ್ರಿಯೆ ಹಿಂದಕ್ಕೂ ನಡೆಯುತ್ತದೆ, ಕ್ಯಾಟಲಿಸ್ಟ್ ಎರಡೂ ಕಡೆಯ ವೇಗ ಹೆಚ್ಚಿಸುತ್ತದೆ. ಎಲ್ಲಿ ನಿಲ್ಲುತ್ತದೆ ಅನ್ನುವುದು ಅದರ ಕೈಯಲ್ಲಿಲ್ಲ. ಮುಂದಕ್ಕೆ ತಳ್ಳಬೇಕೆಂದರೆ ಮೆಥನಾಲ್ ಹೆಚ್ಚಿಡಬೇಕು. ಒಂದು ಎಣ್ಣೆ ಅಣುವಿಗೆ ಮೂರು ಸಾಕು, ನಾವು ಆರರ ಲೆಕ್ಕ ಹಿಡಿಯುತ್ತೇವೆ, ಅಂದರೆ ಲೀಟರ್ ಎಣ್ಣೆಗೆ ಸುಮಾರು 250 ಮಿಲಿ. ಇಲ್ಲವೇ ಗ್ಲಿಸರಿನ್ ತೆಗೆಯಬೇಕು. ನಾನು ಎರಡನ್ನೂ ಮಾಡುತ್ತೇನೆ. ಪೊಟ್ಯಾಶ್ ಕರಗಿಸಿದ ಮೆಥನಾಲ್‌ನ ಐದರಲ್ಲಿ ನಾಲ್ಕು ಪಾಲು ಮೊದಲು ಹಾಕಿ ಒಂದು ಗಂಟೆ ಪಂಪಿನಲ್ಲಿ ತಿರುಗಿಸಿ, ಅಡಿಗೆ ಇಳಿದ ಕಪ್ಪು ಗ್ಲಿಸರಿನ್ ಬಿಟ್ಟು, ಉಳಿದ ಪಾಲು ಆಮೇಲೆ.

ಮುಗಿಯಿತಾ ಅಂತ ನೋಡಲು 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಿ ಅಲುಗಾಡಿಸಿ. ಪೂರ್ತಿ ಕರಗಿದರೆ ತೊಳೆಯಲು ತೆಗೆದುಕೊಳ್ಳಿ. ತಳದಲ್ಲಿ ಎಣ್ಣೆಯ ಹನಿ ಕೂತರೆ ಇನ್ನೊಂದು ಸುತ್ತು ತಿರುಗಿಸಬೇಕು, ಹೊಸದಾಗಿ ಸ್ವಲ್ಪ ಪೊಟ್ಯಾಶ್ ಸೇರಿಸಿಕೊಂಡೇ, ಯಾಕೆಂದರೆ ಮೊದಲು ಹಾಕಿದ್ದರಲ್ಲಿ ಬಹುಪಾಲು ಗ್ಲಿಸರಿನ್ ಜೊತೆ ಆಗಲೇ ಹೊರಗೆ ಹೋಗಿರುತ್ತದೆ.