ಅಡಿಕೆ ಲೆಕ್ಕ ಬರೆಯುತ್ತಾ ವಿಮ್ ಕಲಿಯಿರಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕೂತು ನಾನು ದೂರದ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಸಿಗ್ನಲ್ ಒಂದೇ ಕಡ್ಡಿಗೆ ಇಳಿದರೂ ಕೆಲಸ ನಿಲ್ಲದಿರುವುದು ವಿಮ್ ಎಂಬ ಟೆಕ್ಸ್ಟ್ ಎಡಿಟರ್‌ನಿಂದ, ಅಂದರೆ ಫೈಲ್ ಬರೆದು ತಿದ್ದುವ ಸಾಫ್ಟ್‌ವೇರ್‌ನಿಂದ. ಅದಕ್ಕೆ ಮೌಸ್ ಬೇಡ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ಒಂದಿದ್ದರೆ ಸಾಕು. ಕಲಿಯಲು ಕೂತವರು ಎರಡು ದಿನ ಒದ್ದಾಡಿ ಬಿಟ್ಟುಬಿಡುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಹದಿನೈದು ಇಪ್ಪತ್ತು ಕೀ ಕೈಗೆ ಹತ್ತಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಸುಮ್ನೆ ಏನೋ ಟೈಪ್ ಮಾಡಿ ಕಲಿಯಬೇಡಿ. ನಿಮಗೆ ಬೇಕಾದ ಒಂದು ಫೈಲ್ ಇಟ್ಟುಕೊಳ್ಳಿ. ನನ್ನದು ಅಡಿಕೆ ಲೆಕ್ಕ. ಸಾಲಿಗೊಂದರಂತೆ ತಾರೀಖು, ಅಡಿಕೆಯ ಬಗೆ (ರಾಶಿಯೋ ಬೆಟ್ಟೆಯೋ ಗೊರಬಲೋ), ಎಷ್ಟು ಚೀಲ, ಮಂಡಿಯಲ್ಲಿ ಎಷ್ಟು ದರ. ಮೊದಮೊದಲು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಕೀಬೋರ್ಡ್ ಕನ್ನಡದಲ್ಲಿದ್ದರೆ ವಿಮ್‌ನ ಆಜ್ಞೆಗಳು ಕೆಲಸ ಮಾಡುವುದಿಲ್ಲ.

ವಿಮ್ ತೆರೆದ ಕೂಡಲೇ ಅಕ್ಷರ ಮೂಡುವುದಿಲ್ಲ. ಆಗ ನೀವು ನಾರ್ಮಲ್ ಮೋಡ್‌ನಲ್ಲಿದ್ದೀರಿ, ಅಲ್ಲಿ ಪ್ರತಿ ಕೀಯೂ ಒಂದು ಆಜ್ಞೆ. ಬರೆಯಲು ಐ ಒತ್ತಿ. ಬರೆದು ಮುಗಿದ ತಕ್ಷಣ ಎಸ್ಕೇಪ್ ಒತ್ತಿ. ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೂ ಎಸ್ಕೇಪ್ ಒತ್ತಿ. ಈ ಅಭ್ಯಾಸ ಬಂದರೆ ಅರ್ಧ ಕಷ್ಟ ಕಳೆಯಿತು. ಕೆಳಗೆ ಹೊಸ ಸಾಲು ಬೇಕಿದ್ದರೆ ಓ, ಸಾಲಿನ ಕೊನೆಗೆ ಸೇರಿಸಬೇಕಿದ್ದರೆ ಶಿಫ್ಟ್ ಹಿಡಿದು ಎ.

ಉಳಿಸಲು ಕೋಲನ್, ಡಬ್ಲ್ಯೂ, ಎಂಟರ್. ಹೊರಬರಲು ಕೋಲನ್, ಕ್ಯೂ. ಬದಲಾವಣೆ ಬೇಡವಾದರೆ ಕ್ಯೂ ನಂತರ ಆಶ್ಚರ್ಯಸೂಚಕ ಚಿಹ್ನೆ. ಕಂಟ್ರೋಲ್ ಎಸ್ ಒತ್ತುವ ರೂಢಿ ಇದ್ದವರು ಗಮನಿಸಿ: ಟರ್ಮಿನಲ್ ಹೆಪ್ಪುಗಟ್ಟಿದಂತೆ ನಿಂತುಬಿಡಬಹುದು. ಕಂಟ್ರೋಲ್ ಕ್ಯೂ ಒತ್ತಿದರೆ ಮತ್ತೆ ಓಡುತ್ತದೆ.

ಓಡಾಡಲು ಎಚ್ ಎಡಕ್ಕೆ, ಜೆ ಕೆಳಗೆ, ಕೆ ಮೇಲೆ, ಎಲ್ ಬಲಕ್ಕೆ. ವಿಮ್‌ಗೆ ಮೂಲವಾದ ವಿಐ ಅನ್ನು 1976ರಲ್ಲಿ ಬಿಲ್ ಜಾಯ್ ಬರೆದಾಗ ಅವರ ಮುಂದಿದ್ದ ಎಡಿಎಂ-3ಎ ಎಂಬ ಟರ್ಮಿನಲ್ ಯಂತ್ರದ ಇದೇ ಕೀಗಳ ಮೇಲೆ ಬಾಣದ ಗುರುತಿತ್ತು. ಕ್ಯಾಪ್ಸ್ ಲಾಕ್ ಆರಿಸಿಡಿ. ಇಲ್ಲದಿದ್ದರೆ ಜೆ ಒತ್ತಿದಾಗ ಕೆಳಗಿನ ಸಾಲು ಮೇಲಿನದಕ್ಕೆ ಅಂಟಿಕೊಳ್ಳುತ್ತದೆ. ಪದದಿಂದ ಪದಕ್ಕೆ ಹಾರಲು ಡಬ್ಲ್ಯೂ, ಹಿಂದಕ್ಕೆ ಬಿ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಡಿ ಅಂದರೆ ಅಳಿಸು, ಸಿ ಅಂದರೆ ಬದಲಿಸು, ವೈ ಅಂದರೆ ನಕಲು ಮಾಡು. ಅದರ ಮುಂದೆ ಎಲ್ಲಿಯವರೆಗೆ ಅಂತ ಹೇಳಬೇಕು. ಡಿ ಡಬ್ಲ್ಯೂ ಒಂದು ಪದ ಅಳಿಸುತ್ತದೆ, ಡಿ 3 ಡಬ್ಲ್ಯೂ ಮೂರು. ಡಿ ಡಿ ಇಡೀ ಸಾಲು ತೆಗೆಯುತ್ತದೆ. ಆ ಸಾಲು ಕಳೆದುಹೋಗುವುದಿಲ್ಲ, ಬೇಕಾದ ಕಡೆ ಹೋಗಿ ಪಿ ಒತ್ತಿದರೆ ಅಲ್ಲಿ ಕೂರುತ್ತದೆ. ಯು ಒತ್ತಿದರೆ ಮಾಡಿದ್ದು ವಾಪಸ್, ಕಂಟ್ರೋಲ್ ಆರ್ ಒತ್ತಿದರೆ ವಾಪಸಾದದ್ದು ಮತ್ತೆ ಬರುತ್ತದೆ. ನಾವು ಮಾತಾಡುವುದು 'ಈ ಸಾಲುಗಳನ್ನು ಅಳಿಸು' ಅಂತ, ಕ್ರಿಯೆ ಕೊನೆಗೆ ಅಲ್ವಾ? ಆ ಕ್ರಮವೇ ಸಲೀಸು ಅನಿಸಿದರೆ ಶಿಫ್ಟ್ ಹಿಡಿದು ವಿ ಒತ್ತಿ, ಜೆಯಿಂದ ಸಾಲುಗಳನ್ನು ಆರಿಸಿ, ಆಮೇಲೆ ಡಿ ಒತ್ತಿ.

ಬೆಟ್ಟೆ ಅಂತ ಬರೆದ ಕೆಲವು ಕಡೆ ಸರಕು (ಇದೂ ಅಡಿಕೆಯ ಒಂದು ಬಗೆ) ಆಗಬೇಕಿತ್ತು ಅಂದುಕೊಳ್ಳಿ. ಓರೆಗೆರೆ (/) ಒತ್ತಿ, ಬೆಟ್ಟೆ ಅಂತ ಬರೆದು, ಎಂಟರ್. ಪದ ಸಿಕ್ಕಿತು. ಸಿ ಡಬ್ಲ್ಯೂ ಒತ್ತಿ ಸರಕು ಅಂತ ಬರೆದು ಎಸ್ಕೇಪ್ ಒತ್ತಿ. ಈಗ ಎನ್ ಒತ್ತಿದರೆ ಮುಂದಿನ ಬೆಟ್ಟೆಗೆ ಹೋಗುತ್ತದೆ. ಅಲ್ಲೂ ಬದಲಿಸಬೇಕಾ? ಒಂದು ಚುಕ್ಕಿ ಒತ್ತಿ, ಆಯಿತು. ಬೇಡವಾ? ಇನ್ನೊಮ್ಮೆ ಎನ್. ಚುಕ್ಕಿ ಕೊನೆಯ ಬದಲಾವಣೆಯನ್ನು ಹಾಗೇ ಮತ್ತೆ ಮಾಡುತ್ತದೆ. ನನ್ನ ಪ್ರಕಾರ ವಿಮ್‌ನ ಅತ್ಯಂತ ಬೆಲೆಬಾಳುವ ಕೀ ಇದು.

ಅಭ್ಯಾಸಕ್ಕೆ ವಿಮ್ ಜೊತೆಗೇ ಬರುವ ವಿಮ್‌ಟ್ಯೂಟರ್ ಇದೆ. ಟರ್ಮಿನಲ್‌ನಲ್ಲಿ ಅದರ ಹೆಸರು ಬರೆದರೆ ತೆರೆಯುತ್ತದೆ, ಅರ್ಧ ಗಂಟೆಯ ಪಾಠ. ದಿನಾ ಒಮ್ಮೆ ಮಾಡಿ.

ನಮ್ಮ ಕಡೆಯವರಿಗೆ ಇದೊಂದು ಖಂಡಿತ ಗೊತ್ತಿರಬೇಕು. ಮಳೆಗೆ ಮರ ಬಿದ್ದು ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೆ ಗಾಬರಿ ಬೇಡ. ಬೇರೆ ಸೆಟ್ಟಿಂಗ್ ಮಾಡದಿದ್ದರೆ, 200 ಅಕ್ಷರ ಟೈಪ್ ಮಾಡಿದಾಗ ಅಥವಾ 4 ಸೆಕೆಂಡ್ ಸುಮ್ಮನಿದ್ದಾಗ ವಿಮ್ ನಿಮ್ಮ ಕೆಲಸವನ್ನು ಸ್ವಾಪ್ ಫೈಲ್ ಎಂಬ ತಾತ್ಕಾಲಿಕ ಫೈಲಿಗೆ ಬರೆದಿಡುತ್ತದೆ. ಅದೇ ಫೈಲ್ ಮತ್ತೆ ತೆರೆದರೆ ದೊಡ್ಡ ಎಚ್ಚರಿಕೆ ಕಾಣುತ್ತದೆ. ಆರ್ ಒತ್ತಿ. ಬರೆದದ್ದು ಬಂತಾ ನೋಡಿ, ಕೋಲನ್ ಡಬ್ಲ್ಯೂ ಕ್ಯೂ ಕೊಟ್ಟು ಉಳಿಸಿ ಹೊರಬನ್ನಿ. ಮತ್ತೆ ತೆರೆದಾಗ ಎಚ್ಚರಿಕೆ ಇನ್ನೂ ಇರುತ್ತದೆ. ಲೆಕ್ಕವೆಲ್ಲ ಸರಿಯಾಗಿ ಉಳಿದಿದೆ ಅಂತ ಖಾತ್ರಿಯಾಗಿದ್ದರೆ ಡಿ ಒತ್ತಿ ಹಳೇ ಸ್ವಾಪ್ ಫೈಲ್ ಅಳಿಸಿ.